ಉಗ್ರಜಟ ತಲೆ ಬಾಗಿಸಿದ ದಿನ

ಈ ಕತೆ ನಡೆದಾಗ ನಾನು ಹೊಂಗಿರಿಯ ಆಸ್ಥಾನದಲ್ಲಿ, ಮಹಾರಾಜರ ಬಲಗಡೆಗೇ ಕೂತಿದ್ದೆ. ಸುಳ್ಳು. ಆಗ ನನ್ನ ಮುತ್ತಜ್ಜನೂ ಹುಟ್ಟಿರಲಿಲ್ಲ. ಉಳಿದದ್ದನ್ನು ಮಾತ್ರ ನಂಬಿ.

ಬಹಳ ಬಹಳ ಹಿಂದೆ, ಬೆಟ್ಟಗಳು ಇನ್ನೂ ಮಾತಾಡುತ್ತಿದ್ದ ಕಾಲದಲ್ಲಿ, ಹೊಂಗಿರಿ ಅಂತ ಒಂದು ರಾಜ್ಯ. ಅದನ್ನು ಉಗ್ರಜಟನೆಂಬ ಮಾಂತ್ರಿಕ ಕಿತ್ತುಕೊಂಡಿದ್ದ. ರಾಜನನ್ನು ಮೂರು ಬಾಲದ ಹುಲಿ ಮಾಡಿ ಸವಾರಿ ಹೋಗುತ್ತಿದ್ದ. ತನ್ನನ್ನು ನೋಡಿ ನಕ್ಕವರನ್ನೆಲ್ಲ ಕಲ್ಲು ಮಾಡುತ್ತಿದ್ದ. ಅವನ ಮಾಯೆಗೆ ಒಂದೇ ಕಟ್ಟು: ಯಾರೆದುರಾದರೂ ತಲೆ ಬಾಗಿಸಿದರೆ ಎಲ್ಲ ಮುಗಿಯಿತು. ಅದಕ್ಕೇ ಅವನು ಊಟವನ್ನೂ ಆಕಾಶ ನೋಡಿಕೊಂಡೇ ಮಾಡುತ್ತಿದ್ದ. ಸಾರೆಲ್ಲ ಗಡ್ಡಕ್ಕೆ.

ಆ ಗಡ್ಡ ನೋಡಿ ಬರಮಣ್ಣ ನಕ್ಕ. ಅರಮನೆಯ ಅಂಗಳದಲ್ಲಿ, ಬಾಯಿ ತೆರೆದವನು ತೆರೆದ ಹಾಗೇ ಕಲ್ಲಾದ. ಅವನ ಹೆಂಡತಿ ಕೆಂಚವ್ವ ಅರಮನೆಯ ಬಟ್ಟೆ ಒಗೆಯುವವಳು. ಸುದ್ದಿ ಕೇಳಿದ್ದೇ ಗಂಟನ್ನು ಕೆಳಗಿಟ್ಟು, ನೆಟ್ಟಗೆ ಉಗ್ರಜಟನ ಮುಂದೆ ಹೋಗಿ ನಿಂತಳು.

"ನನ್ನ ಗಂಡನ್ನ ವಾಪಸ್ ಕೊಡಿ."

"ನನ್ನ ತಲೆ ಬಾಗಿಸು, ಕೊಡ್ತೀನಿ. ಮೂರು ಸಲ ನೋಡು. ಸೋತರೆ ನೀನೂ ಅವನ ಪಕ್ಕ ಕಲ್ಲು."

"ಆಗಲಿ ಸ್ವಾಮಿ."

ಮೊದಲನೇ ಸಲ ಅವನ ಬಾಗಿಲಿಗೆ ಅಡ್ಡವಾಗಿ, ಎದೆಮಟ್ಟಕ್ಕೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಿದಳು. ಹಗ್ಗ ಹಾವಾಗಿ ಸರಿದುಹೋಯಿತು.

ಎರಡನೇ ಸಲ ಅವನ ದಾರಿಯಲ್ಲಿ ಚಿನ್ನದ ಉಂಗುರವೊಂದನ್ನು ಚಪ್ಪಡಿಗೆ ಅಂಟಿಸಿದಳು. ಉಗ್ರಜಟ ಬೆರಳಾಡಿಸಿದ. ಉಂಗುರ ಚಪ್ಪಡಿ ಸಮೇತ ಎದ್ದು ಅವನ ಕೈಗೇ ಬಂತು.

"ಇನ್ನೊಂದೇ ಉಳೀತಲ್ಲೇ ಕೆಂಚಿ."

"ನನ್ನ ಹತ್ರ ಇನ್ನೇನೂ ಇಲ್ಲ. ಕಲ್ಲು ಮಾಡಿಬಿಡಿ."

ಕೆಂಚವ್ವ ಗಂಡನ ಪಕ್ಕ ನಿಂತು ಅವನ ತಣ್ಣನೆಯ ಕೈ ಹಿಡಿದಳು. ಇಡೀ ಊರು ನೋಡುತ್ತಿತ್ತು. ಮಾಂತ್ರಿಕ ಎರಡೂ ಕೈ ಮೇಲೆತ್ತಿ ಮಂತ್ರ ಶುರುಮಾಡಿದ. ಆಗ ಕೆಂಚವ್ವ ದನಿ ತಗ್ಗಿಸಿ ಅಂದಳು:

"ಸ್ವಾಮಿ, ಬಟ್ಟೆ ಒಗೆಯೋಳು ನಾನು, ಕಣ್ಣಿಗೆ ಬಿತ್ತು, ಅದಕ್ಕೇ ಹೇಳ್ತೀನಿ. ನಿಮ್ಮ ಪಂಚೆ ಜಾರ್ತಾ ಇದೆ."

ಉಗ್ರಜಟ ತಟ್ಟನೆ ಸೊಂಟ ಹಿಡಿದು, ತಲೆ ಬಾಗಿಸಿ ನೋಡಿದ.

ಪಂಚೆ ಗಟ್ಟಿಯಾಗೇ ಇತ್ತು.

ಮೊದಲು ನಕ್ಕದ್ದು ಹುಲಿ. ನಗುನಗುತ್ತಲೇ ಅದರ ಬಾಲಗಳು ಒಂದೊಂದಾಗಿ ಉದುರಿ, ರಾಜ ಎದ್ದು ನಿಂತ. ಕಲ್ಲುಗಳು ಮೈಮುರಿದವು. ಬರಮಣ್ಣ ಅರ್ಧಕ್ಕೆ ನಿಂತಿದ್ದ ನಗುವನ್ನು ಪೂರ್ತಿ ಮಾಡಿ, ಪಕ್ಕಕ್ಕೆ ತಿರುಗಿದ.

"ಯಾಕೆ ಅಳ್ತಿದ್ದೀಯೇ?"

"ಸುಮ್ನೆ ನಡೀರಿ, ಬಟ್ಟೆ ಹಾಗೇ ಬಿದ್ದಿದೆ."

ಮಾಯೆ ಕಳೆದುಕೊಂಡ ಉಗ್ರಜಟ ಊರು ಬಿಟ್ಟು ಓಡಿದ. ಓಡುವಾಗ ಪಂಚೆ ನಿಜಕ್ಕೂ ಜಾರಿತು. ವರ್ಷಕ್ಕೊಮ್ಮೆ, ಇದೇ ದಿನ, ಯಾರು ಯಾರನ್ನಾದರೂ ಬೇಸ್ತು ಬೀಳಿಸಬಹುದು, ಯಾರೂ ಮುನಿಸಿಕೊಳ್ಳಬಾರದು ಅಂತ ರಾಜ ಡಂಗುರ ಹೊಡೆಸಿದ. ಮರುವರ್ಷ ಮೊದಲು ಬೇಸ್ತು ಬಿದ್ದವನೂ ಅವನೇ, ಬೀಳಿಸಿದವಳು ಕೆಂಚವ್ವ. ಹೊಂಗಿರಿಯ ಜನ ನಕ್ಕೂ ನಕ್ಕೂ ನೂರು ವರ್ಷ ಬಾಳಿದರು.

ಕತೆ ಮುಗೀತು. ಇದರಲ್ಲಿ ಪ್ರಮಾಣ ಮಾಡಿ ಹೇಳಬಹುದಾದ ಮಾತು ಒಂದೇ, ನನ್ನ ಜೇಬು ಖಾಲಿ. ಈ ಚಹಾದ ದುಡ್ಡು ನೀವೇ ಕೊಟ್ಟುಬಿಡಿ.