ಹಗ್ಗ ಎಳೆಯುವ ದಿನದ ಹಾಜರಿ

"ಹ್ವಾಯ್, ಏಳೇ ಮಕ್ಕ್ಳ್ ಅಂದ್ ಬರ್ದದ್ ನೀವೆಯಾ?"

ಕುಂದಾಪುರದ ನಮ್ಮ ಪತ್ರಿಕಾ ಕಚೇರಿಯ ಬಾಗಿಲಲ್ಲಿ ನಿಂತಿದ್ದವಳ ಕೈಯಲ್ಲಿ ಎರಡು ವಾರ ಹಳೆಯ ಪೇಪರಿತ್ತು. ನಾನು ತಲೆಯಾಡಿಸಿದೆ.

"ಶಾಲಿಗ್ ಎಷ್ಟೊತ್ತಿಗ್ ಹೋದ್ದ್?"

"ಹತ್ತಕ್ಕೆ."

"ಹನ್ನೊಂದೂವರೆ ತನಕ ನಿಂತಿರೆ ಇಪ್ಪತ್ತೇಳ್ ಆತಿತ್."

ಬೈಂದೂರಿನ ಕಡಲಂಚಿನ ಆ ಸರಕಾರಿ ಶಾಲೆಯೆದುರು ಅಂದು ಕೈರಂಪಣಿ ಎಳೆಯುತ್ತಿದ್ದರಂತೆ. ದಡದಲ್ಲಿ ನಿಂತು ಊರೇ ಎಳೆಯುವ ಬಲೆ ಅದು. ಹಗ್ಗ ಹಿಡಿದ ಮಗುವಿಗೂ ಮೀನಿನ ಪಾಲು ಉಂಟು. ಪಾಲನ್ನು ಮನೆಗೆ ಮುಟ್ಟಿಸಿ, ಕೈ ತೊಳೆದು ಮಕ್ಕಳು ಶಾಲೆಗೆ ಬರುತ್ತಾರೆ. ನಾನು ಒಳನಾಡಿನ ಶಂಕರನಾರಾಯಣದ ಗದ್ದೆಯ ಕಡೆಯವನು. ಖಾಲಿ ಬೆಂಚು ಕಂಡೆ, ತಲೆ ಎಣಿಸಿದೆ. ಸಮುದ್ರದ ಕಡೆ ತಿರುಗಿಯೂ ನೋಡಲಿಲ್ಲ.

ಅದು 2012ರ ಜನವರಿ. ಹತ್ತು ಮಕ್ಕಳೂ ಇಲ್ಲದ ಶಾಲೆಗಳನ್ನು ಮುಚ್ಚುವ ಮಾತಿತ್ತು. ನನ್ನ ವರದಿ ಹಿಡಿದು ಆ ಶಾಲೆಯನ್ನೂ ಪಟ್ಟಿಗೆ ಸೇರಿಸಿದ್ದರು.

ಅವಳು ವಿನಯಾ. ಅದೇ ಕಡಲತೀರದ ಮೀನುಗಾರರ ಮನೆಯವಳು, ಕರಾವಳಿ ಶಾಲೆಗಳ ಹಾಜರಿಯ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು. ಸಂಶೋಧನೆಗಳನ್ನು ಒಂದೊಂದು ಪುಟಕ್ಕಿಳಿಸಿ ಪತ್ರಕರ್ತರಿಗೆ ತಿಂಗಳಿಗೊಮ್ಮೆ ಕಳಿಸುತ್ತಿದ್ದವಳೂ ಅವಳೇ. ಅವೆಲ್ಲ ನನ್ನ ಇನ್‌ಬಾಕ್ಸಿನಲ್ಲಿ ತೆರೆಯದೆ ಬಿದ್ದಿದ್ದವು. ಅವಳೆದುರೇ ಒಂದನ್ನು ತೆರೆದೆ. ಅರವತ್ತು ದಿನ, ದಿನಕ್ಕೆರಡು ಸಲ, ಒಂದೊಂದು ಮಗುವನ್ನೂ ಎಣಿಸಿದ್ದಳು.

ಇಷ್ಟು ದಿನ ಯಾಕೆ ತೆರೆಯಲಿಲ್ಲ ಎಂದು ಕೇಳಿದಳು. ನಾನು ಮುಂದಿನದನ್ನು ತೆರೆದೆ.

"ನಮ್ ಸರ್ವೇ ಫಾರ್ಮಲ್ಲಿ, ಉತ್ರ ಕೊಡ್ದೆ ಇದ್ದವ್ರಿಗೆ ತೊಂಬತ್ತೊಂಬತ್ತ್ ಅಂದ್ ಬರೀತೆ," ಎಂದಳು. "ನಿಮ್ದ್ ಪೂರಾ ಅದೇ ಕಾಣಿ." ತುಟಿಯ ಒಂದೇ ಅಂಚು ನಕ್ಕಿತು.

ಮುಂದಿನ ಸಲ ಬಲೆ ಬಿಟ್ಟ ದಿನ ನನ್ನನ್ನು ಕರೆದಳು. ಹಗ್ಗ ಹಿಡಿದೆ. ನನ್ನ ಹಿಂದೆ ಎಳೆಯುತ್ತಿದ್ದ ಅವಳ ಚಿಕ್ಕಮ್ಮ ಕುಸುಮಾವತಿ, "ಪೇಪರಿನವ್ರೇ, ಅದ್ ಪೆನ್ನ್ ಅಲ್ಲ, ಗಟ್ಟಿ ಹಿಡ್ಕಣಿ," ಎಂದರು. ದಡವೆಲ್ಲ ನಕ್ಕಿತು. ನನ್ನ ಪಾಲಿಗೆ ನಾಲ್ಕು ಬಂಗುಡೆ ಬಂತು, ಅಂಗೈಯಲ್ಲಿ ಎರಡು ಬೊಕ್ಕೆ. ವಿನಯಾ ಬೊಕ್ಕೆಗಳನ್ನೇ ನೋಡುತ್ತಿದ್ದಳು. ಕೈ ಹಿಂದೆಗೆಯಲು ನನಗೆ ಮನಸ್ಸಾಗಲಿಲ್ಲ. ಹನ್ನೊಂದೂವರೆಗೆ ಶಾಲೆಯಲ್ಲಿ ಇಪ್ಪತ್ತೆಂಟು ಮಕ್ಕಳಿದ್ದರು.

"ತಿದ್ದುಪಡಿ ಒಳಗಿನ್ ಪುಟದಲ್ಲಿ ಎರಡ್ ಸಾಲ್ ಹಾಕುವ," ಎಂದರು ಬ್ಯೂರೋ ಮುಖ್ಯಸ್ಥ ಉಮಾನಾಥರು. "ನಿನ್ ಹೆಸ್ರ್ ಬ್ಯಾಡ."

"ಮೊದಲ್ನೇ ಪುಟಕ್ ಬರ್ಕ್. ನಾನ್ ತಪ್ಪ್ ಎಣ್ಸಿದೆ ಅಂದ್, ಹೆಸ್ರ್ ಹಾಕಿ."

"ನಾಳಿಂದ ನಿನ್ ಲೆಕ್ಕ ಯಾರ್ ನಂಬ್ತ್ರ್, ಶೈಲೇಶ?"

"ನಂಬ್ದಿದ್ದವ್ರ್ ಹನ್ನೊಂದೂವರೆಗ್ ಹೋಯಿ ಎಣ್ಸ್ಲಿ."

ಪ್ರೆಸ್ ಕಾರ್ಡನ್ನು ಅವರ ಮೇಜಿನ ಮೇಲಿಟ್ಟೆ. ಅವರು ಅದನ್ನು ಮರಳಿ ನನ್ನತ್ತ ಸರಿಸಿ, "ಹಾಕುವ," ಎಂದರು. ಭಾನುವಾರ ಮೊದಲ ಪುಟದಲ್ಲಿ, ವಿನಯಾಳ ಅರವತ್ತು ದಿನದ ಅಂಕಿಗಳ ಮೇಲೆ, ನನ್ನ ತಪ್ಪು ನನ್ನ ಹೆಸರಿನಲ್ಲೇ ಬಂತು.

ಸೋಮವಾರ ಅಧಿಕಾರಿ ಬಂದರು, ಪೇಪರ್ ಹಿಡಿದೇ. ಎರಡು ಸಲ ಎಣಿಸಿದರು. ಪಟ್ಟಿಯಲ್ಲಿದ್ದ ಶಾಲೆಯ ಹೆಸರಿನ ಮೇಲೆ ಗೀಟೆಳೆದು ಜೀಪು ಹತ್ತಿದರು.

ಜಗಲಿಯಲ್ಲಿ ನಾವಿಬ್ಬರೇ ಉಳಿದೆವು. ವಿನಯಾ ಖಾಲಿ ಫಾರ್ಮೊಂದನ್ನು ಮೊಣಕಾಲ ಮೇಲಿಟ್ಟು ಪೆನ್ನಿನ ಮುಚ್ಚಳ ತೆಗೆದಳು.

"ಒಂದ್ ಪ್ರಶ್ನೆ ಬಾಕಿ ಇತ್ತ್. ಮೀನಿನವ್ರ ಹೆಣ್ಣ್ ಅಂದ್ ನಿಮ್ಮನಿಯವ್ರ್ ಬ್ಯಾಡ ಅಂಬ್ರ್. ಗದ್ದಿಯವ್ರ ಗಂಡ್ ಅಂದ್ ನಮ್ಮನಿಯವ್ರೂ ಬ್ಯಾಡ ಅಂಬ್ರ್. ಆಗ ನೀವ್ ಎಂತ ಹೇಳ್ತ್ರಿ?"

ನಾನು ಸುಮ್ಮನಿದ್ದೆ. ಅವಳ ಪೆನ್ನು ಕಾಗದಕ್ಕೆ ತಾಗಿತು; ತೊಂಬತ್ತೊಂಬತ್ತರ ಮೊದಲ ಒಂಬತ್ತು ಅರ್ಧ ಮೂಡಿತು.

ಬೊಕ್ಕೆ ಒಣಗದ ಅಂಗೈಯನ್ನು ಅವಳ ಕೈಮೇಲಿಟ್ಟು ಪೆನ್ನು ತಡೆದೆ.

"ಬೇಕ್ ಅಂದೇ ಹೇಳ್ತೆ. ಹೆಸ್ರ್ ಹಾಕಿ ಬರ್ಕಣಿ."