ಮರಿಯವ್ವ ಆಡಿದ ಹೆಸರು

ಗಾಡಿ ಬಾಗಿಲಿಗೆ ಬಂದು ನಿಂತಾಗ ಮರಿಯವ್ವ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಕೈಯಲ್ಲೇ ಓಡಿ ಬಂದು ನೋಡಿದರೆ ನೊಗಕ್ಕೆ ಒಂದೇ ಎತ್ತು. ಇನ್ನೊಂದು ಬದಿಗೆ ನೆರೆಮನೆಯ ಕಾಶೀಂಸಾಬ ಹೆಗಲು ಕೊಟ್ಟಿದ್ದ. ಗಾಡಿಯಲ್ಲಿ ಸರಕಾರದ ಹತ್ತಿಬೀಜದ ಚೀಲವಿತ್ತು. ಅದಕ್ಕೆ ಒಂದು ಹನಿ ನೀರೂ ತಾಗಿರಲಿಲ್ಲ. ಬೀಜ ತರಲು ಹೋದ ಗಂಡ ಮಾತ್ರ ಇರಲಿಲ್ಲ!

“ತಂಗಿ, ಹಳ್ಳ ತುಂಬಿ ಬಂತು... ಚೀಲಾ ಮ್ಯಾಲ ಕಟ್ಟಿ, ಎತ್ತಿನ ಕೊರಳ ಹಗ್ಗಾ ಬಿಚ್ಚಾಕ ನೀರಿಗಿಳದಾ... ಎತ್ತೂ ಹೋತು, ಅವನೂ ನನ್ನ ಕೈಗೆ ಸಿಗಲಿಲ್ಲವ್ವ!”

ಅತ್ತೆ ಸಕ್ರವ್ವ ಹೊಸ್ತಿಲ ಮೇಲೆ ಕುಸಿದಳು. ಅವಳ ಕಿರಿಯ ಮಗನ ಹೆಣ, ಆ ಹಳ್ಳ ಮಲಪ್ರಭಾ ಹೊಳೆಯನ್ನು ಕೂಡುವಲ್ಲಿ, ಮೆಣಸಗಿಯ ದಂಡೆಯಲ್ಲಿ ಸಿಕ್ಕಿತು.

ಧಾರವಾಡ ಸೀಮೆ ಇನ್ನೂ ಮುಂಬಯಿ ಸರಕಾರದ ಕೈಯಲ್ಲಿದ್ದ ಕಾಲವದು. ಅರ್ಧ ಬೆಲೆಗೆ ಬೀಜ ಕೊಟ್ಟು, ಬೆಳೆ ಎದ್ದ ಮೇಲೆ ಸಾಹೇಬರು ಬಂದು ನೋಡಿ, ರೈತನ ಹೆಸರು ಬರೆದುಕೊಂಡು ಸಹಾಯಧನ ಕೊಡುತ್ತಿದ್ದರು. ಸರಕಾರ ಬರೆದ ಹೆಸರೇ ಹೊಲದ ಒಡೆಯನ ಹೆಸರೆಂದು ಅವರ ಊರು ಅಸೂಟಿಯ ಜನ ನಂಬಿದ್ದರು. ಭಾವ ಹನಮಪ್ಪನ ಕಣ್ಣು ಬಿದ್ದದ್ದು ಅದರ ಮೇಲೆಯೇ.

ಕರ್ಮಗಳು ಮುಗಿದ ಮರುದಿನ ಅವನು ಚೀಲಕ್ಕೆ ಕೈ ಹಾಕಿದ. “ಬಿತ್ತೂದು ಗಂಡಸರ ಕೆಲಸ. ನೀ ಲಕ್ಕಲಕಟ್ಟಿಗೆ, ತವರಮನಿಗೆ ಹೋಗಿ ಕುಂದ್ರು.”

“ಅವರು ಜೀವಾ ಬಿಟ್ರೂ ಚೀಲಾ ಬಿಡಲಿಲ್ರಿ ಭಾವಾರ. ನಾ ಹ್ಯಾಂಗ ಬಿಡಲಿ?” ಎಂದು ಮರಿಯವ್ವ ಚೀಲದ ಮೇಲೆಯೇ ಕುಳಿತಳು.

“ಎತ್ತು ಒಂದ ಐತಿ. ಇನ್ನೊಂದ ಕಡೆ ನೊಗಕ್ಕ ನೀನ ಹೆಗಲ ಕೊಡ್ತಿಯೇನು?”

“ಕೊಡ್ತೀನ್ರಿ!”

ಅಂಥ ಪ್ರಸಂಗ ಬರಲಿಲ್ಲ. ಕಾಶೀಂಸಾಬ ತನ್ನ ಎತ್ತು ತಂದು ಹೂಡಿದ; ಕೂರಿಗೆಯ ಹಿಂದೆ ಬೀಜ ಬಿಡುತ್ತ ನಡೆದವಳು ಮರಿಯವ್ವ. ಸಕ್ರವ್ವ ಮಾತ್ರ ಯಾರ ಪರವಾಗಿಯೂ ಬಾಯಿ ತೆರೆಯಲಿಲ್ಲ. ಸತ್ತವನೂ ಇದ್ದವನೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಲ್ಲವೆ...

ಬೆಳೆ ಮೊಣಕಾಲೆತ್ತರ ಬಂದಾಗ ರೋಣದಿಂದ ಸಾಹೇಬರು ಬಂದರು. “ಹೊಲಾ ನಂದ್ರಿ” ಎಂದು ಹನಮಪ್ಪ ಮುಂದೆ ನಿಂತ.

“ಬೀಜಾ ತಂದವರು ನನ್ನ ಗಂಡ್ರಿ. ಬಿತ್ತಿದಾಕಿ ನಾನು” ಎಂದಳು ಮರಿಯವ್ವ.

ಸಾಹೇಬರು ಕಾಗದ ನೋಡಿದರು. “ಬೀಜಾ ಒಯ್ದವರ ಹೆಸರು ಇದರಾಗ ಐತಿ. ನೀ ಖರೇ ಅವರ ಹೆಂಡತಿ ಆಗಿದ್ರ ಗಂಡನ ಹೆಸರು ಹೇಳವ್ವ. ಬ್ಯಾರೇದವರು ಹೇಳೂದು ಬ್ಯಾಡ.”

ಮದುವೆಯಾದಂದಿನಿಂದ ಆ ಹೆಸರು ಮರಿಯವ್ವನ ತುಟಿ ದಾಟಿರಲಿಲ್ಲ.

ಹನಮಪ್ಪ ಮೀಸೆಯಲ್ಲೇ ನಕ್ಕ. “ಆಕಿ ಹೇಳೂದಿಲ್ರಿ ಸಾಹೇಬರ. ಗಂಡನ ಹೆಸರು ಹೇಳಿದ್ರ ಅವನ ಆಯುಷ್ಯ ಕಡಿಮಿ ಆಕ್ಕೈತಿ. ನಮ್ಮ ಮನಿ ಹೆಣ್ಮಕ್ಕಳು ಮರ್ಯಾದಸ್ಥರು.”

ಮರಿಯವ್ವ ತಲೆಯೆತ್ತಿದಳು. “ಕಡಿಮಿ ಆಗಾಕ ಇನ್ನ ಆಯುಷ್ಯ ಎಲ್ಲೈತ್ರಿ ಭಾವಾರ?”

ಆಗ ಬದುವಿನ ಮೇಲೆ ಕುಳಿತಿದ್ದ ಸಕ್ರವ್ವ ಎದ್ದು ನಿಂತಳು. “ಹೇಳವ್ವ! ಹೊಳಿಗೆ ಹರಕಿ ಹೊತ್ತು ನಾ ಇಟ್ಟ ಹೆಸರದು. ಊರಿಗೆಲ್ಲ ಕೇಳೂಹಂಗ ಹೇಳು!”

“ಹೊಳಿಯಪ್ಪ!” ಮರಿಯವ್ವನ ಕೂಗು ಆಚೆಯ ಹೊಲಕ್ಕೂ ಕೇಳಿಸಿತು. “ನನ್ನ ಗಂಡನ ಹೆಸರು ಹೊಳಿಯಪ್ಪ! ಇದು ಹೊಳಿಯಪ್ಪನ ಹೊಲ, ನಾ ಬಿತ್ತಿದ ಬೆಳಿ!”

ಸಾಹೇಬರು ಹಾಗೆಯೇ ಬರೆದುಕೊಂಡರು. ಹನಮಪ್ಪ ತಾಯಿಯ ಮುಖ ನೋಡಲಾರದೆ ಊರ ಹಾದಿ ಹಿಡಿದ.

ಬಂದ ಅಮಾವಾಸ್ಯೆಗೆ ಅತ್ತೆ ಸೊಸೆ ಮೆಣಸಗಿಯ ಹೊಳೆಗೆ ಹೋಗಿ ದೀಪ ಬಿಟ್ಟರು. ಮರಿಯವ್ವ ಕೈ ಮುಗಿದಳು.

“ತಾಯಿ ಮಲಪ್ರಭಾ, ಕೊಟ್ಟಾಕಿ ನೀನ, ಒಯ್ದಾಕಿ ನೀನ. ನಿನ್ನ ಕೂಡ ನನ್ನ ಜಗಳಾ ಇನ್ನೂ ಮುಗದಿಲ್ಲ... ಆದ್ರ ಬೀಜಾ ಒಣಗೇ ಮನಿ ಮುಟ್ಟಿತು, ಹೊಲಾ ಹಸರಾಗೇತಿ ಅಂತ ಅವರಿಗೆ ಹೇಳು. ನಮ್ಮ ಹೊಳಿಯಪ್ಪನ ಆತ್ಮಕ್ಕ ಶಾಂತಿ ಕೊಡವ್ವ...”