ಎಡಗಡೆಯ ಸ್ಪ್ರಿಂಗ್

ನಡೆದದ್ದನ್ನಷ್ಟೇ ಬರೆಯುತ್ತೇನೆ. ಯಾಕೆ ಹೀಗೆ ಎಂದು ಕೇಳಿದರೆ ನನಗೂ ಗೊತ್ತಿಲ್ಲ.

ನನ್ನ ಹಳೆಯ ಕಾರಿನಲ್ಲಿ ನಾನೊಬ್ಬಳೇ ಓಡಾಡುವುದು. ಕೂರಿಸಿಕೊಳ್ಳಲು ನನಗೆ ಯಾರೂ ಇಲ್ಲ ಎಂದರೂ ಸರಿಯೇ. ಆದರೆ ಸೆಕೆಂಡ್ ಹ್ಯಾಂಡಿನಲ್ಲಿ ಅದನ್ನು ಕೊಂಡ ಮೇಲೆ ಮುಂದಿನ ಎಡಗಡೆಯ ಸ್ಪ್ರಿಂಗ್ ಎರಡು ಸಲ ಕುಸಿಯಿತು. ಆ ಬದಿಯ ಟೈರು ಮಾತ್ರ ಸವೆಯುತ್ತಿತ್ತು. ಆ ಬದಿಯ ಗಾಜಿಗೆ ಒಳಗಿನಿಂದ ಹಬೆ ಕಟ್ಟುತ್ತಿತ್ತು. ಪಕ್ಕದ ಸೀಟಿನ ಮೇಲೆ ಕೈಯಿಟ್ಟರೆ, ಈಗಷ್ಟೇ ಯಾರೋ ಎದ್ದು ಹೋದ ಹಾಗೆ ಬೆಚ್ಚಗಿರುತ್ತಿತ್ತು.

ಮತ್ತೆ ಗ್ಯಾರೇಜಿಗೆ ಹೋದಾಗ ಮೆಕ್ಯಾನಿಕ್ ನಕ್ಕುಬಿಟ್ಟ. “ಅಜ್ಜಿ, ಪಕ್ಕದಲ್ಲಿ ಯಾವ ದಡಿಯನ್ನ ಕೂರಿಸ್ಕೊಂಡು ತಿರುಗ್ತೀರಿ?”

“ನೀನೇ ನೋಡಿ ಹೇಳಪ್ಪ. ಯಾರಾದ್ರೂ ಇದ್ರೆ ನಾನೂ ಮಾತಾಡಿಸ್ತೀನಿ.”

“ಇದಕ್ಕೆ ಸುರಿಯೋ ದುಡ್ಡಲ್ಲಿ ಬೇರೆ ಗಾಡಿ ಬರುತ್ತೆ. ಸುಮ್ನೆ ಗುಜರಿಗೆ ಕೊಡಿ.”

“ಕೊಟ್ಟು ಮನೆಗೆ ಹೋಗಿ ಯಾರ ಮುಖ ನೋಡ್ಲಿ? ಇದೊಂದು ಸಲ ಹಾಕ್ಕೊಡು. ಮತ್ತೆ ವಾಲಿದ್ರೆ ನೀನು ಹೇಳಿದ ಹಾಗೇ ಆಗ್ಲಿ.”

ಅವನು ಹೊಸ ಸ್ಪ್ರಿಂಗ್ ಹಾಕಿ ಜಾಕ್ ಇಳಿಸಿದ. ಕಾರು ಸಮವಾಗಿ ನಿಂತಿತು. ನಾನು ಹತ್ತಿ ಸ್ಟಿಯರಿಂಗ್ ಹಿಡಿದು ಕೂತೆ. ಎಡಗಡೆಯ ಬಾಗಿಲು ಇನ್ನೂ ತೆರೆದೇ ಇತ್ತು. ಕೀಲಿ ತಿರುಗಿಸುವ ಮೊದಲೇ ಕಾರು ಮೆಲ್ಲಗೆ ಆ ಬದಿಗೆ ವಾಲಿತು.

ಗುಜರಿಯ ಮಾತು ಬರುತ್ತದೆಂದು ನಾನು ಉಸಿರು ಹಿಡಿದು ಕಾದೆ. ಅವನು ನಗಲಿಲ್ಲ. ಬಂದು ಬಾಗಿಲು ಹಿಡಿದು, ಖಾಲಿ ಸೀಟಿನ ಕಡೆ ಬಗ್ಗಿ, “ಕೈ ಒಳಗೆ ತಗೊಳ್ಳಿ” ಎಂದ. ಸ್ವಲ್ಪ ಹೊತ್ತು ಕಾದು, ಆಮೇಲೆ ಬಾಗಿಲು ಹಾಕಿದ.